ವಿಶ್ವ ಇತಿಹಾಸದ ಮೊದಲ ಕ್ಲಾಸು: ದಾವಣಗೆರೆ ಹತ್ತಿಯಿಂದ

ಪ್ರಶ್ನೆ: ಈ ವರ್ಷ ಬಿ.ಎ. ಮೊದಲ ವರ್ಷದವರಿಗೆ ವಿಶ್ವ ಇತಿಹಾಸದ ಪೇಪರ್ ನನ್ನ ಪಾಲಿಗೆ ಬಂದಿದೆ. ಎಲ್ಲರೂ ಕನ್ನಡ ಮಾಧ್ಯಮದ ಮಕ್ಕಳು. ಪುಸ್ತಕ ನೋಡಿದರೆ ಹಳೆ ಶಿಲಾಯುಗದಿಂದ ವಿಶ್ವಸಂಸ್ಥೆವರೆಗೆ ಇದೆ. ಹಿಂದೆ ಪಾಠ ಮಾಡಿದವರು ರೋಮ್ ದಾಟಲೇ ಇಲ್ಲವಂತೆ. ‘ಇದೆಲ್ಲ ನಮಗ್ಯಾಕೆ ಮೇಡಂ?’ ಎಂದು ಮೊದಲ ದಿನವೇ ಕೇಳುತ್ತಾರಂತೆ. ಎಲ್ಲಿಂದ ಶುರು ಮಾಡಲಿ, ಏನನ್ನು ಬಿಡಲಿ?
— ಅತಿಥಿ ಉಪನ್ಯಾಸಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೇಡಂ, ಬಿಡುವ ಮಾತು ಮೊದಲು. ಧಾರಾಳವಾಗಿ ಬಿಡಿ. ಇಡೀ ಜಗತ್ತನ್ನು ಒಂದು ಸೆಮಿಸ್ಟರಿನಲ್ಲಿ ಮುಗಿಸಿದವರು ಯಾರೂ ಇಲ್ಲ. ನೆಹರೂ 1930ರಿಂದ 1933ರವರೆಗೆ ಜೈಲಿನಿಂದ ಮಗಳಿಗೆ ಸುಮಾರು ಇನ್ನೂರು ಪತ್ರ ಬರೆದು ಜಗತ್ತಿನ ಕತೆ ಹೇಳಿದರು. ಅಷ್ಟಾದರೂ ಅದನ್ನು ಸಂಪೂರ್ಣ ಇತಿಹಾಸ ಎಂದು ಕರೆಯಲಿಲ್ಲ. ಪುಸ್ತಕದ ಮೊದಲ ಪುಟದಿಂದ ಹೊರಟವರು ರೋಮಿನಲ್ಲೇ ನಿಲ್ಲುವುದು ಸಹಜ. ಹಾಗಾಗಿ ಮೊದಲ ಪುಟವನ್ನೇ ಬಿಟ್ಟು ಊರಿನ ಹತ್ತಿಯಿಂದ ಹೊರಡಿ.

ನಿಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಈ ಮಾತನ್ನು ಕೇಳದ ವಿದ್ಯಾರ್ಥಿ ನಿಮ್ಮ ಕ್ಲಾಸಿನಲ್ಲಿ ಇರಲಿಕ್ಕಿಲ್ಲ. ಆದರೆ ಆ ಮ್ಯಾಂಚೆಸ್ಟರ್ ಎಲ್ಲಿದೆ, ಅದಕ್ಕೆ ಹತ್ತಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಿ ನೋಡಿ. ಇಂಗ್ಲೆಂಡಿನಲ್ಲಿ ಒಂದು ಹತ್ತಿ ಗಿಡವೂ ಬೆಳೆಯುವುದಿಲ್ಲ. ಲ್ಯಾಂಕಶೈರಿನ ಮಿಲ್ಲುಗಳು ನೂಲುತ್ತಿದ್ದ ಹತ್ತಿಯಲ್ಲಿ ಬಹುಪಾಲು ಅಮೆರಿಕದ ದಕ್ಷಿಣದ ರಾಜ್ಯಗಳದು. ಅದನ್ನು ಬಿಡಿಸುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು, ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಶೈರಿನಲ್ಲಿ ಮಿಲ್ಲು ನಿಂತು ಕಾರ್ಮಿಕರು ಉಪವಾಸ ಬಿದ್ದರು. ಇತ್ತ ಮುಂಬೈಯಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು.

ಈಗ ಮಕ್ಕಳನ್ನು ಹರಿಹರದ ಸೇತುವೆಗೆ ಕರೆದುಕೊಂಡು ಹೋಗಿ. ಆಗದಿದ್ದರೆ ಬೋರ್ಡಿನ ಮೇಲೆ ತುಂಗಭದ್ರೆಯನ್ನು ಎಳೆಯಿರಿ. ಅಂದು ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ರಾಣೆಬೆನ್ನೂರಿನ ಕಡೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಧಾರವಾಡದ ಕರಿಮಣ್ಣಿನಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಸಲು ಕಂಪನಿ ಸರ್ಕಾರ 1840ರ ದಶಕದಲ್ಲೇ ಹೆಣಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈಗೆ ಸೇರಿಸಿದ್ದರ ಹಿಂದೆಯೂ ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಲೆಕ್ಕಾಚಾರವಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಮುಂಬೈ ಷೇರುಪೇಟೆ ಮುಳುಗಿತು. ಹತ್ತು ವರ್ಷದ ಮೇಲೆ ಪುಣೆ, ಅಹಮದ್‌ನಗರದ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟರು. ಹತ್ತಿಯ ದುಡ್ಡು ನಂಬಿ ಯುರೋಪಿನಲ್ಲಿ ಸಾಲ ಎತ್ತಿದ್ದ ಈಜಿಪ್ಟ್ ದಿವಾಳಿಯಾಗಿ, 1882ರಲ್ಲಿ ಬ್ರಿಟಿಷ್ ಸೈನ್ಯದ ಕೈಗೆ ಹೋಯಿತು.

ನೋಡಿ, ಕೈಗಾರಿಕಾ ಕ್ರಾಂತಿ, ಗುಲಾಮಗಿರಿ, ಅಂತರ್ಯುದ್ಧ, ಸಾಮ್ರಾಜ್ಯಶಾಹಿ ಎಂದು ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯವಾಗಿ ಬಿದ್ದಿರುವುದೆಲ್ಲ ಇಲ್ಲಿ ಒಂದೇ ಕತೆಯಾಯಿತು. ದಾವಣಗೆರೆಗೆ ಮಿಲ್ಲು ಬಂದದ್ದು ತಡವಾಗಿ, ಇಪ್ಪತ್ತನೆಯ ಶತಮಾನದಲ್ಲಿ. ಮಿಲ್ಲಿನ ಜೊತೆ ಕಾರ್ಮಿಕ ಸಂಘ ಬಂತು, ಕೆಂಬಾವುಟ ಬಂತು. ಸಿಪಿಐನ ಪಂಪಾಪತಿಯವರನ್ನು ಈ ಊರು ವಿಧಾನಸಭೆಗೆ ಕಳಿಸಿತು. 1917ರ ರಷ್ಯಾವನ್ನು ವಿವರಿಸಲು ಪೆಟ್ರೋಗ್ರಾಡಿನಿಂದ ಶುರು ಮಾಡಬೇಕಿಲ್ಲ ಎನ್ನಲು ಇಷ್ಟು ಸಾಕು. ಹರಿಹರದಲ್ಲಿ ಲೇತ್ ಮಷೀನು ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಹುಟ್ಟಿದ್ದು 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ. ಆ ವರ್ಷವೇ ಯಾಕೆ ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಡಿ.

ಇಂಟರ್ನಲ್ ಮಾರ್ಕ್ಸಿಗೆ ಗೈಡಿನಿಂದ ನಕಲು ಮಾಡಿದ ಅಸೈನ್‌ಮೆಂಟು ಬೇಡ. ಮಿಲ್ಲಿನಲ್ಲಿ ದುಡಿದ ಅಜ್ಜ, ದೊಡ್ಡಪ್ಪ, ಪಕ್ಕದ ಮನೆಯವರು ಯಾರಾದರೂ ಸಿಗುತ್ತಾರೆ. ಯಾವ ಊರಿನಿಂದ ಬಂದಿರಿ, ಪಾಳಿ ಎಷ್ಟು ಗಂಟೆಯದು, ಕೂಲಿ ಎಷ್ಟು, ಮುಷ್ಕರ ಯಾಕೆ, ಮಿಲ್ಲು ಮುಚ್ಚಿದ ಮೇಲೆ ಏನು ಮಾಡಿದಿರಿ ಎಂದು ಕೇಳಿ ಬರೆದು ತರಲಿ. ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಮಿಲ್ಲಿನಲ್ಲಿ ದುಡಿಸಬಾರದು ಎಂದಿತು. ಅಂದರೆ ಅದಕ್ಕೆ ಮೊದಲು ಏನು ನಡೆಯುತ್ತಿತ್ತು? ಎರಡನ್ನೂ ಪಕ್ಕಪಕ್ಕ ಇಟ್ಟು ಚರ್ಚೆ ಮಾಡಿಸಿ. ದಾಖಲೆ ಎಂದರೇನು, ನೆನಪನ್ನು ಎಷ್ಟು ನಂಬಬಹುದು ಎಂಬ ಪಾಠ ಅಲ್ಲೇ ಆಗಿಹೋಗುತ್ತದೆ.

ಕೊಲಂಬಸ್‌ನಿಗೆ ಒಂದು ಕ್ಲಾಸು ಸಾಕು. ಮಿರ್ಚಿಯ ಮೆಣಸಿನಕಾಯಿ, ಮಂಡಕ್ಕಿ ಜೊತೆಯ ಶೇಂಗಾ, ಬೆಣ್ಣೆದೋಸೆ ಪಲ್ಯದ ಆಲೂಗಡ್ಡೆ, ಜಿಲ್ಲೆಯ ಹೊಲ ತುಂಬಿರುವ ಮೆಕ್ಕೆಜೋಳ ಎಲ್ಲವೂ 1492ರ ಆಮೇಲೆ ಅಮೆರಿಕ ಖಂಡಗಳಿಂದ ಹೊರಬಿದ್ದು ಇಲ್ಲಿಗೆ ಬಂದವು. ಇದನ್ನೇ ಹಿಡಿದು ಕೂತರೆ ಮಾತ್ರ ಇತಿಹಾಸ ಹೋಗಿ ಅಡುಗೆ ಕ್ಲಾಸಾಗುತ್ತದೆ.

ಊರಿನಿಂದ ಹೊರಡುವ ಈ ದಾರಿಯಲ್ಲಿ ಒಂದು ಅಪಾಯವಿದೆ. ನಮಗೆ ತಾಗಿದ್ದಷ್ಟೇ ಜಗತ್ತು ಎಂಬ ಭಾವನೆ ಬಂದುಬಿಡುತ್ತದೆ. ಅದಕ್ಕೆ ನಡುವೆ ಅಡ್ಡಗೆರೆ ಎಳೆಯಬೇಕು. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರಲ್ಲಿ. ಆ ವರ್ಷ ಬೇರೆ ಕಡೆ ಏನಿತ್ತು ಎಂದು ಗುಂಪು ಮಾಡಿ ಹುಡುಕಿಸಿ. ಚೆಂಗೀಸ್ ಖಾನ್ ಇನ್ನೂ ಬದುಕಿದ್ದ. ಮೂರು ವರ್ಷ ಹಿಂದೆ ಸಿಂಧೂ ನದಿಯ ದಡದವರೆಗೆ ಬಂದಿದ್ದ. ದೆಹಲಿಯಲ್ಲಿ ಇಲ್ತಮಶ್. ಚೀನಾದ ದಕ್ಷಿಣದಲ್ಲಿ ಸುಂಗ್ ದೊರೆಗಳು. ಇಂಗ್ಲೆಂಡಿನ ಜಮೀನುದಾರರು ದೊರೆಯಿಂದ ಮ್ಯಾಗ್ನಾ ಕಾರ್ಟಾ ಬರೆಸಿಕೊಂಡು ಒಂಬತ್ತು ವರ್ಷವಾಗಿತ್ತು. ಇವರಲ್ಲಿ ಯಾರೂ ಪೋಲಾಳ್ವನ ಹೆಸರು ಕೇಳಿರಲಾರರು, ಅವನೂ ಇವರೆಲ್ಲರನ್ನು ಕೇಳಿರಲಾರ. ಜಗತ್ತು ಯಾವಾಗಲೂ ಹೀಗೆ ಹೆಣೆದುಕೊಂಡೇ ಇರಲಿಲ್ಲ ಎಂಬುದೂ ವಿಶ್ವ ಇತಿಹಾಸವೇ.

ನಮಗೆ ಯಾವ ನಂಟೂ ಇಲ್ಲದ ಒಂದು ಸಮಾಜವನ್ನೂ ಕಡ್ಡಾಯವಾಗಿ ಸೇರಿಸಿ. ನನ್ನ ಆಯ್ಕೆ ಪೆರುವಿನ ಇಂಕಾಗಳು. ‘ನಾಗರಿಕತೆಯ ಲಕ್ಷಣಗಳು’ ಎಂಬ ಐದು ಅಂಕದ ಪ್ರಶ್ನೆಗೆ ಮಕ್ಕಳು ಲಿಪಿ, ಚಕ್ರ, ಲೋಹ ಎಂದು ಬಾಯಿಪಾಠ ಮಾಡಿರುತ್ತಾರೆ. ಇಂಕಾಗಳಲ್ಲಿ ಬರೆಯುವ ಲಿಪಿ ಇರಲಿಲ್ಲ, ಚಕ್ರದ ಗಾಡಿ ಇರಲಿಲ್ಲ, ಕಬ್ಬಿಣ ಇರಲಿಲ್ಲ. ದಾರಕ್ಕೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಆ ದಾರಗಳಿಗೆ ಕೀಪು ಎಂದು ಹೆಸರು. ಅಷ್ಟರಲ್ಲೇ ಆಂಡಿಸ್ ಪರ್ವತದುದ್ದಕ್ಕೂ ಸಾವಿರಾರು ಕಿಲೋಮೀಟರ್ ರಸ್ತೆ ಹಾಕಿ ಆಳಿದರು. ಐದು ಅಂಕದ ಉತ್ತರ ಸರಿಯೋ ತಪ್ಪೋ ಎಂದು ಕ್ಲಾಸಿನಲ್ಲಿ ಜಗಳ ಹತ್ತಲಿ.

ಪರೀಕ್ಷೆ ವಿಶ್ವವಿದ್ಯಾಲಯದ್ದು, ನಿಮ್ಮದಲ್ಲ. ಫ್ರಾನ್ಸಿನ ಮಹಾಕ್ರಾಂತಿಯ ಕಾರಣಗಳು ಬರಬಹುದಾದ ಪ್ರಶ್ನೆಯೇ, ಮಕ್ಕಳನ್ನು ನಡುನೀರಲ್ಲಿ ಕೈಬಿಡುವ ಹಾಗಿಲ್ಲ. ಕಾರಣಗಳನ್ನು ಬರೆಸಿ. ಜೊತೆಗೆ ಕ್ರಾಂತಿಯ ಹಿಂದಿನ ವರ್ಷ, 1788ರಲ್ಲಿ, ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿಯ ಮುಂದೆ ನಿಂತಿದ್ದನ್ನು ಹೇಳಿ. ಸ್ವಾತಂತ್ರ್ಯ, ಸಮಾನತೆ ಎಂಬ ಘೋಷಣೆಯನ್ನು ನಿಜ ಮಾಡಿ ತೋರಿಸಿದವರು 1804ರಲ್ಲಿ ಸ್ವತಂತ್ರರಾದ ಹೈಟಿಯ ಗುಲಾಮರು ಎಂಬುದನ್ನೂ ಸೇರಿಸಿ. ಕೊನೆಯ ಎರಡು ವಾರ ಉತ್ತರ ಬರೆಯುವ ಅಭ್ಯಾಸಕ್ಕೇ ಇಟ್ಟುಕೊಳ್ಳಿ. ಪ್ರಾಚೀನ ನಾಗರಿಕತೆಗಳಿಗೆ ಎರಡು ವಾರಕ್ಕಿಂತ ಹೆಚ್ಚು ಕೊಡಬೇಡಿ. ಹೈಸ್ಕೂಲಿನಲ್ಲಿ ಅವನ್ನು ಓದಿಯೇ ಬಂದಿರುತ್ತಾರೆ.

ಇನ್ನೊಂದು ಮಾತು. ಪ್ರಾಂಶುಪಾಲರನ್ನು ಕಾಡಿಬೇಡಿಯಾದರೂ ಗೋಡೆಗೆ ಹಾಕುವ ದೊಡ್ಡ ಭೂಪಟವೊಂದನ್ನು ಕಾಲೇಜು ತೆರೆಯುವ ಮೊದಲೇ ತರಿಸಿಕೊಳ್ಳಿ. ಊರಿನ ಹೆಸರುಗಳು ಕನ್ನಡದಲ್ಲಿರಲಿ.