ಚೀಲ ಬಿಚ್ಚಬೇಡಿ, ಚೀಟಿ ದಾಟಿಸಿ: ನೆಟ್‌ವರ್ಕ್ ಡ್ರೈವರ್ ಬರೆಯುವವರಿಗೆ ಏಳು ಸೂತ್ರ

ಹೂವಿನಹಡಗಲಿಯ ಮಲ್ಲಿಗೆ ಬುಟ್ಟಿಯಿಂದ ಬುಟ್ಟಿಗೆ ಸುರಿದಷ್ಟೂ ಬಾಡುತ್ತದೆ. ಕೊಟ್ಟೂರಿನ ಶೇಂಗಾ ಚೀಲವನ್ನು ಇಳಿಸಿ ಏರಿಸಿದಷ್ಟೂ ಹಮಾಲಿ ಕೂಲಿ ಬೆಳೆಯುತ್ತದೆ. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಬೆಂಗಳೂರಿಗೆ ಹೋಗಿ ಡ್ರೈವರ್, ಫರ್ಮ್‌ವೇರ್ ಬರೆಯಲು ಕೂತಾಗ ಮರೆತುಬಿಡುತ್ತೇವೆ: ಡೇಟಾ ನಕಲಿಸುವುದೂ ಚೀಲ ಇಳಿಸಿ ಏರಿಸಿದಂತೆಯೇ.

1. ಮೊದಲು ಕೂಲಿ ಲೆಕ್ಕ ಹಾಕಿ. 100 ಗಿಗಾಬಿಟ್ ಎಂದರೆ ಸೆಕೆಂಡಿಗೆ 12.5 ಗಿಗಾಬೈಟ್. ಅದನ್ನು ಒಮ್ಮೆ ನಕಲು ಮಾಡಲು ಓದಬೇಕು, ಮತ್ತೆ ಬರೆಯಬೇಕು: ಒಟ್ಟು 25. ಡಿಡಿಆರ್4-3200 ಮೆಮೊರಿಯ ಒಂದು ಚಾನೆಲ್‌ನ ಗರಿಷ್ಠ ವೇಗವೇ 25.6 ಗಿಗಾಬೈಟ್. ಒಂದೇ ಒಂದು ನಕಲು ಇಡೀ ಚಾನೆಲ್ ನುಂಗಿತು!

2. ಸರಕು ಗೋದಾಮಿನಲ್ಲೇ ಇರಲಿ, ಚೀಟಿ ಮಾತ್ರ ಕೈ ಬದಲಾಯಿಸಲಿ. ಡಿಸ್ಕ್ರಿಪ್ಟರ್ ಎಂದರೆ ಇದೇ ಚೀಟಿ: ವಿಳಾಸ ಇಷ್ಟು, ಉದ್ದ ಇಷ್ಟು. ಹೆಡರ್ ಒಂದು ಕಡೆ, ಸರಕು ಇನ್ನೊಂದು ಕಡೆ ಇದ್ದರೂ ಎರಡು ಚೀಟಿ ಕೊಡಿ. ಒಟ್ಟುಗೂಡಿಸುವುದು ನೆಟ್‌ವರ್ಕ್ ಅಡಾಪ್ಟರ್‌ನ ಕೆಲಸ.

3. ಗೇಜ್ ಹೊಂದಿಸಿ. ಹೊಸಪೇಟೆ–ಕೊಟ್ಟೂರು ಹಳಿ ಮೀಟರ್‌ಗೇಜ್ ಆಗಿದ್ದ ಕಾಲದಲ್ಲಿ, ಬ್ರಾಡ್‌ಗೇಜ್ ಊರಿಗೆ ಹೋಗುವ ಸರಕನ್ನು ದಾರಿಯಲ್ಲಿ ಇಳಿಸಿ ಬೇರೆ ವ್ಯಾಗನ್ನಿಗೆ ತುಂಬಲೇಬೇಕಿತ್ತು. ಅಡಾಪ್ಟರ್ 32 ಬಿಟ್ ವಿಳಾಸವನ್ನಷ್ಟೇ ಮುಟ್ಟಬಲ್ಲದು ಎಂದು ಡ್ರೈವರ್ ಹೇಳಿದರೂ ಅದೇ ಗತಿ: ಐಒಎಂಎಂಯು ನೆರವಿಲ್ಲದ ಯಂತ್ರದಲ್ಲಿ 4 ಗಿಗಾಬೈಟ್ ಆಚೆಯ ಡೇಟಾವನ್ನು ಲಿನಕ್ಸ್ ಸದ್ದಿಲ್ಲದೆ ಬೌನ್ಸ್ ಬಫರ್‌ಗೆ ನಕಲಿಸುತ್ತದೆ. ನಿಮ್ಮ ಕೋಡಿನಲ್ಲಿ ಎಷ್ಟು ಹುಡುಕಿದರೂ ಆ ನಕಲು ಸಿಗದು. ಯಂತ್ರಾಂಶಕ್ಕೆ 64 ಬಿಟ್ ತಾಕತ್ತಿದ್ದರೆ ಡಿಎಂಎ ಮಾಸ್ಕ್‌ನಲ್ಲಿ ಹಾಗೆಂದು ಬಾಯಿಬಿಟ್ಟು ಹೇಳಿ. ಒಂದು ಸಾಲಿನ ಕೆಲಸ.

4. ಎರಡು ಬೈಟ್ ಜಾಗ ಬಿಡಿ. ಈಥರ್ನೆಟ್ ಹೆಡರ್ 14 ಬೈಟ್, ನಾಲ್ಕರಿಂದ ಭಾಗವಾಗದು; ಹಾಗಾಗಿ ಅದರ ನಂತರದ ಐಪಿ ಹೆಡರ್ ಸೊಟ್ಟ ವಿಳಾಸಕ್ಕೆ ಬೀಳುತ್ತದೆ. ಕೆಲವು ಪ್ರೊಸೆಸರ್‌ಗಳು ಇಂಥ ಸೊಟ್ಟ ವಿಳಾಸವನ್ನು ಸಹಿಸವು. ಮುಂದೆ 2 ಬೈಟ್ ಖಾಲಿ ಬಿಟ್ಟು ಬರೆಯುವ ಸೌಲಭ್ಯ ಅಡಾಪ್ಟರ್‌ನಲ್ಲಿ ಇಲ್ಲವಾದರೆ ಡ್ರೈವರ್ ಇಡೀ ಪ್ಯಾಕೆಟ್ ನಕಲಿಸಿ ನೆಟ್ಟಗೆ ಮಾಡಬೇಕು.

5. ಫರ್ಮ್‌ವೇರ್ ಗುಮಾಸ್ತನಾಗಿರಲಿ, ಹಮಾಲನಾಗುವುದು ಬೇಡ. 100 ಗಿಗಾಬಿಟ್‌ನಲ್ಲಿ 64 ಬೈಟಿನ ಪ್ಯಾಕೆಟ್ಟುಗಳು 6.7 ನ್ಯಾನೋಸೆಕೆಂಡಿಗೊಂದು ಬರುತ್ತವೆ. ಕಾರ್ಡಿನ ಪುಟ್ಟ ಪ್ರೊಸೆಸರ್ ಹೆಚ್ಚೆಂದರೆ ಹೆಡರ್ ನೋಡಲಿ; ಸರಕನ್ನು ಡಿಎಂಎ ಎಂಜಿನ್ ಹೊರಲಿ.

6. ಕರ್ನಲ್ ಬಾಗಿಲು ತಪ್ಪಿಸುವ ದಾರಿಯೂ ಉಂಟು. ನಮ್ಮಲ್ಲೇ ಹಳೆಯ ಉದಾಹರಣೆಯಿದೆ. ಸಿ-ಡ್ಯಾಕ್ ಬೆಂಗಳೂರಿನಲ್ಲಿ ಇರಿಸಿದ್ದ ಪರಮ್ ಪದ್ಮ, 2003ರ ಜೂನ್‌ನ ಟಾಪ್500 ಪಟ್ಟಿಯಲ್ಲಿ 171ನೇ ಸ್ಥಾನ ಪಡೆದ ಸೂಪರ್‌ಕಂಪ್ಯೂಟರ್. ಅದರ ಗಣಕಗಳನ್ನು ಬೆಸೆದ ಪರಮ್‌ನೆಟ್-2, 2.5 ಗಿಗಾಬಿಟ್ ವೇಗದ ದೇಶಿ ಜಾಲ. ಅದರ ಮೇಲೆ, ಕರ್ನಲ್ ಬಾಗಿಲು ತಪ್ಪಿಸಿ, ಓಡುತ್ತಿದ್ದ ಹಗುರ ಸಂವಹನ ತಂತ್ರಾಂಶದ ಹೆಸರು ‘ಕ್ಷಿಪ್ರ’. (ಹೆಸರಿಟ್ಟವರ ರುಚಿಗೆ ಶರಣು.) ಇಂದು ಲಿನಕ್ಸ್‌ನಲ್ಲೇ ಎಎಫ್-ಎಕ್ಸ್‌ಡಿಪಿ ಇದೆ, 2018ರ 4.18 ಆವೃತ್ತಿಯಿಂದ. ಡ್ರೈವರ್ ಬೆಂಬಲ ಇದ್ದರೆ ಅಡಾಪ್ಟರ್ ನೇರವಾಗಿ ಅಪ್ಲಿಕೇಶನ್‌ನ ಮೆಮೊರಿಗೇ ಬರೆಯುತ್ತದೆ.

7. ಚೀಟಿ ವಾಪಸ್ ಬರುವ ತನಕ ಚೀಲ ಮುಟ್ಟಬೇಡಿ, ಚಿಲ್ಲರೆ ಸರಕಿಗೆ ಚೀಟಿ ಬರೆಯಲೂ ಬೇಡಿ. ಲಿನಕ್ಸ್ 4.14ರಲ್ಲಿ, 2017ರಲ್ಲಿ, ಬಂದ ಎಂಎಸ್‌ಜಿ ಝೀರೋಕಾಪಿ ಎಂಬ ನಕಲಿಲ್ಲದೆ ಕಳಿಸುವ ಸೌಲಭ್ಯದಲ್ಲಿ ‘ಕಳಿಸಿಯಾಯಿತು’ ಎಂಬ ಸೂಚನೆ ಬರುವ ಮೊದಲೇ ಬಫರ್ ತಿದ್ದಿದರೆ ತಿದ್ದಿದ್ದೇ ತಂತಿ ಮೇಲೆ ಹೋದೀತು. ಈ ಸೌಲಭ್ಯದಿಂದ ಸುಮಾರು 10 ಕಿಲೋಬೈಟ್ ಮೀರಿದ ಬರಹಕ್ಕಷ್ಟೇ ಲಾಭ. ಪುಟ ಹಿಡಿದಿಡುವುದು, ಸೂಚನೆ ಓದುವುದು, ಎರಡಕ್ಕೂ ಖರ್ಚಿದೆ. ಬರುವ ದಾರಿಯಲ್ಲೂ ಹೀಗೇ: ಇ1000 ಡ್ರೈವರ್ 256 ಬೈಟಿಗಿಂತ ಚಿಕ್ಕ ಪ್ಯಾಕೆಟ್ಟನ್ನು ಬೇಕೆಂದೇ ನಕಲಿಸಿ, ದೊಡ್ಡ ಬಫರನ್ನು ಕೂಡಲೇ ರಿಂಗ್‌ಗೆ ಮರಳಿಸುತ್ತದೆ. ಇನ್ನು, ಝೀರೋಕಾಪಿಯ ಲಾಭವನ್ನು ಒಂದೇ ಲ್ಯಾಪ್‌ಟಾಪಿನ ಲೂಪ್‌ಬ್ಯಾಕ್‌ನಲ್ಲಿ ಅಳೆಯಲು ಹೋಗಬೇಡಿ. ಅಲ್ಲಿ ಲಿನಕ್ಸ್ ಹೇಗೂ ನಕಲು ಮಾಡುತ್ತದೆ. ಎರಡು ಯಂತ್ರ, ನಡುವೆ ಒಂದು ಕೇಬಲ್ ಬೇಕು.