ರೂಟ್ ಬೇಸ್‌ನವರಿಗೆ ಬಿಡಿ

ಕೀಬೋರ್ಡಿನಲ್ಲಿ ಜಾಝ್ ಕಲಿಯಲು ಹೊರಟವರು ಡಾಮಿನೆಂಟ್ ನೈಂತ್ ಕಾರ್ಡಿನ ಹತ್ತಿರ ಬಂದಾಗ ತಲೆಬರಹದ ಮಾತು ನೆನಪಿಡಿ. ರೂಟ್ ಅಂದರೆ ಕಾರ್ಡಿಗೆ ಹೆಸರು ಕೊಡುವ ತಳದ ಸ್ವರ. ಸಿ ನೈಂತ್ ಅಂದರೆ ಸಿ, ಇ, ಜಿ, ಬಿ ಫ್ಲ್ಯಾಟ್, ಮೇಲಿನ ಡಿ. ಸಿ ಅನ್ನು ಷಡ್ಜವಾಗಿ ಹಿಡಿದರೆ ಐದೂ ಹರಿಕಾಂಭೋಜಿಯ ಸ್ವರಗಳೇ. ರಾಜಾಜಿನಗರದ ಕ್ಲಾಸಿನಲ್ಲಿ ನಮ್ಮ ಮೇಷ್ಟರು ಇವನ್ನು ಚಾರ್ಟಿನಲ್ಲಿ ಕೊಟ್ಟು, ಕೆಳಗಿನಿಂದ ಮೇಲಕ್ಕೆ ಹಾಗೇ ಒತ್ತು ಅಂದರು. ಯಾಕೆ ಅಂತ ಕೇಳಿದರೆ, "ಮೊದಲು ಬಾಯಿಪಾಠ ಮಾಡು" ಅನ್ನುತ್ತಿದ್ದರು.

ಅದರ ಫಲ ಉಂಡದ್ದು ವಿಜಯನಗರದ ರಾಜ್ಯೋತ್ಸವದ ವೇದಿಕೆಯಲ್ಲಿ. ಆರ್ಕೆಸ್ಟ್ರಾದ ಖಾಯಂ ಕೀಬೋರ್ಡಿನವರು ಬರಲಿಲ್ಲ, ನನ್ನನ್ನು ಕೂರಿಸಿದರು. ಚರಣ ಮುಗಿದು ಪಲ್ಲವಿಗೆ ಮರಳುವ ಜಾಗದಲ್ಲಿ ಜಿ ನೈಂತ್ ಬರಬೇಕು. ಚಾರ್ಟಿನಂತೆ ಎಡಗೈಯಲ್ಲಿ ತಗ್ಗಿನ ಜಿ, ಬಿ, ಡಿ ಒತ್ತಿದೆ, ಬಲಗೈಯಲ್ಲಿ ಎಫ್, ಎ. ಅದೇ ಜಿ ಬೇಸ್ ಗಿಟಾರಿನಲ್ಲೂ ಮೊಳಗುತ್ತಿತ್ತು. ಸ್ಪೀಕರಿನಿಂದ ಬರೀ ಗುಂಯ್ ಅನ್ನುವ ಸದ್ದು. ಗಾಯಕಿಗೆ ಶ್ರುತಿ ಸಿಗಲಿಲ್ಲ. ಪಲ್ಲವಿಯನ್ನು ಅರ್ಧ ಸ್ವರ ಕೆಳಗೆ ಎತ್ತಿದರು, ನಿಲ್ಲಿಸಿದರು, ನನ್ನ ಕಡೆ ತಿರುಗಿ ಕೈಯಾಡಿಸಿದರು. ಮುಂದಿನ ಸಾಲಿನಲ್ಲಿ ಸೋದರಮಾವ ತಲೆ ತಗ್ಗಿಸಿ ಕೂತಿದ್ದರು. ಬೇಸ್ ನುಡಿಸುತ್ತಿದ್ದ ಅಣ್ಣ ಬಗ್ಗಿ, "ರೂಟ್ ನಾನು ಕೊಡ್ತಿದ್ದೀನಲ್ಲ ತಮ್ಮಾ, ನೀನ್ಯಾಕೆ ಒತ್ತುತೀಯ?" ಅಂದರು.

ಮೇಷ್ಟರು ಹೇಳದ ಪಾಠ ಆ ಒಂದು ಮಾತಿನಲ್ಲಿತ್ತು. 1959ರ ಜಾಝ್ ಆಲ್ಬಂ 'ಕೈಂಡ್ ಆಫ್ ಬ್ಲೂ' ಕೇಳಿ: ತಳದ ಸ್ವರಗಳನ್ನು ಪಾಲ್ ಚೇಂಬರ್ಸ್ ಬೇಸ್ ನೋಡಿಕೊಳ್ಳುತ್ತದೆ, ಬಿಲ್ ಇವಾನ್ಸ್ ಪಿಯಾನೋ ಅದರ ಮೇಲೆ ಹಗುರಾಗಿ ನಿಲ್ಲುತ್ತದೆ.

ರೂಟ್ ಬಿಟ್ಟು ಎಡಗೈಯಲ್ಲಿ ಹೀಗೆ ಮಾಡಿ ನೋಡಿ. ಡಿ ಮೈನರ್ ನೈಂತಿಗೆ ಎಫ್, ಎ, ಸಿ, ಇ: ಕಿರುಬೆರಳು, ನಡುಬೆರಳು, ತೋರುಬೆರಳು, ಹೆಬ್ಬೆರಳು. ಕಿರುಬೆರಳು, ನಡುಬೆರಳು ಅಲ್ಲೇ ಇರಲಿ. ತೋರುಬೆರಳು ಬಿಗೆ, ಹೆಬ್ಬೆರಳು ಡಿಗೆ ಇಳಿಯಲಿ. ಜಿ ನೈಂತ್ ಆಯಿತು, ಅದರಲ್ಲಿ ಜಿ ಇಲ್ಲವೇ ಇಲ್ಲ. ಈಗ ತೋರುಬೆರಳು, ಹೆಬ್ಬೆರಳನ್ನು ಅಲ್ಲೇ ಇಟ್ಟು, ಕಿರುಬೆರಳನ್ನು ಇಗೆ, ನಡುಬೆರಳನ್ನು ಜಿಗೆ ಇಳಿಸಿ. ಸಿ ಮೇಜರ್ ನೈಂತಿಗೆ ಬಂದು ಸೇರಿದಿರಿ.

ಉಳಿದದ್ದು ಇಷ್ಟೇ. ಮೂರನೆಯ ಮತ್ತು ಏಳನೆಯ ಸ್ವರ ಬಿಡಬೇಡಿ, ಐದನೆಯದು ಬಿಟ್ಟರೂ ನಡೆಯುತ್ತದೆ. ಕೈ ಮಧ್ಯದ ಸಿ ಆಸುಪಾಸಿನಲ್ಲೇ ಇರಲಿ. ಹನ್ನೆರಡು ಶ್ರುತಿಯಲ್ಲೂ ನುಡಿಸಿ. ಯಾಕೆ ಅಂತ ಕೇಳಿದರೆ ಉತ್ತರ ಕೊಡದ ಮೇಷ್ಟರಿಗೆ ಮುಂದಿನ ತಿಂಗಳ ಫೀಸು ಕಟ್ಟಬೇಡಿ.