ಹಾಡು ಆಮೇಲೆ, ಸ್ಕೇಟರ್ ಮೊದಲು: ಫಿಗರ್ ಸ್ಕೇಟಿಂಗ್‌ನಲ್ಲಿ ಒಂದು ಸಿಂಕ್ರೊನೈಸೇಷನ್ ಪಾಠ

ನಾವು ಶಕ್ತಿನಗರದವರು. ನಮ್ಮೂರಲ್ಲಿ ಐಸ್ ಅಂದ್ರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿಚೀಲ ಸುತ್ತಿಟ್ಟಿರೋ ಗಡ್ಡೆ, ಅಷ್ಟೇ. ಮೇ ತಿಂಗಳಲ್ಲಿ 40 ಡಿಗ್ರಿ ದಾಟೋ ಊರಿನವರು ಫಿಗರ್ ಸ್ಕೇಟಿಂಗ್ ಬಗ್ಗೆ ಯಾಕೆ ಬರೀತಾರೆ ಅಂತ ನಿಮಗೆ ಅನ್ನಿಸಬಹುದು. ಒಲಿಂಪಿಕ್ಸ್ ಕ್ಲಿಪ್‌ಗಳನ್ನು ನೋಡುವಾಗ ನಮ್ಮನ್ನು ಒಂದು ಪ್ರಶ್ನೆ ಕಾಡ್ತಿತ್ತು: ಇಷ್ಟೊಂದು ಹಾಡುಗಳಲ್ಲಿ ಇವರು ತಮಗೆ ಒಪ್ಪೋ ಹಾಡನ್ನು, ಅದಕ್ಕೆ ಹೆಜ್ಜೆ ಕಟ್ಟೋ ಕೊರಿಯೋಗ್ರಾಫರ್‌ನ ಹೇಗೆ ಆರಿಸ್ತಾರೆ? ಹುಡುಕುತ್ತಾ ಹೋದಾಗ ಉತ್ತರದ ಅರ್ಧ ಭಾಗ ನಮ್ಮೂರಿನ ಥರ್ಮಲ್‌ನಲ್ಲೇ ಸಿಕ್ಕಿತು.

ಇದು ಬರೀ ರುಚಿಯ ವಿಷಯ ಅಲ್ಲ. ಒಬ್ಬ ಸಿಂಗಲ್ಸ್ ಸ್ಕೇಟರ್‌ಗೆ ಒಂದು ಸೀಸನ್‌ಗೆ ಎರಡು ಕಾರ್ಯಕ್ರಮ: ಒಂದು ಶಾರ್ಟ್, ಒಂದು ಫ್ರೀ. ಶಾರ್ಟ್ 2 ನಿಮಿಷ 40 ಸೆಕೆಂಡು, ಫ್ರೀ 4 ನಿಮಿಷ. ಎರಡಕ್ಕೂ 10 ಸೆಕೆಂಡು ಆಚೀಚೆ ಇರಬಹುದು. ಈ ಏಳು ನಿಮಿಷಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸ ಆಗುತ್ತೆ, ಮನೆಯವರ ದುಡ್ಡು ಹೋಗುತ್ತೆ. ಕಷ್ಟದ ಜಂಪ್‌ಗಳನ್ನು ದೇಹ ತಡೆಯೋದೇ ಕೆಲವು ವರ್ಷ. ಅದರಲ್ಲಿ ಒಂದು ವರ್ಷ ಒಪ್ಪದ ಹಾಡಿನ ಜೊತೆ ಕಳೆದುಹೋದ್ರೆ ಅದು ವಾಪಸ್ ಬರಲ್ಲ.

1. ತೀರ್ಪುಗಾರರು ನೋಡೋದೇನು?

ಅಂಕಗಳಲ್ಲಿ ಎರಡು ಭಾಗ. ಮೊದಲನೆಯದು ತಾಂತ್ರಿಕ ಅಂಕ: ಯಾವ ಜಂಪ್, ಯಾವ ಸ್ಪಿನ್, ಎಷ್ಟು ಚೆನ್ನಾಗಿ ಆಯ್ತು. ಎರಡನೆಯದು ಕಾರ್ಯಕ್ರಮದ ಗುಣಮಟ್ಟ. 2022-23ರಿಂದ ಇದನ್ನು ಮೂರು ಹೆಸರಲ್ಲಿ ಅಳೀತಾರೆ: ರಚನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ. ಹಾಡು ಮತ್ತು ಕೊರಿಯೋಗ್ರಫಿ ಎರಡನೆಯ ಭಾಗಕ್ಕೆ ಮಾತ್ರ ಸೇರಿದ್ದು ಅಂತ ಕಾಣುತ್ತೆ, ಆದ್ರೆ ಹಾಗಲ್ಲ. ಫ್ರೀ ಸ್ಕೇಟ್‌ನ ದ್ವಿತೀಯಾರ್ಧದಲ್ಲಿ ಮಾಡೋ ಕೊನೆಯ ಮೂರು ಜಂಪ್ ಅಂಶಗಳಿಗೆ 10 ಪ್ರತಿಶತ ಹೆಚ್ಚು ಅಂಕ ಇದೆ. ದಣಿದ ಕಾಲಿಗೆ ಉಸಿರು ತಗೊಳ್ಳೋಕೆ ಹಾಡಿನಲ್ಲಿ ಜಾಗ ಇಲ್ಲಾಂದ್ರೆ ಆ ಜಂಪ್‌ಗಳೇ ಕೈಕೊಡ್ತವೆ.

ಇನ್ನೊಂದು ಮಾತು. ನಮ್ಮ ದೊಡ್ಡಾಟದಲ್ಲಿ ಹಿಮ್ಮೇಳದವರು ಕುಣಿಯೋನ ಕಾಲು ನೋಡಿಕೊಂಡು ತಾಳ ಎಳೀತಾರೆ, ಬಿಗಿ ಮಾಡ್ತಾರೆ. ಸ್ಕೇಟಿಂಗ್‌ನಲ್ಲಿ ಹಾಡು ರೆಕಾರ್ಡ್ ಆಗಿರುತ್ತೆ. ಬಿದ್ದರೂ ಎದ್ದರೂ ಅದು ಕಾಯಲ್ಲ. ಹಾಗಾಗಿ ಹೊಂದಾಣಿಕೆಯೆಲ್ಲಾ ಮೊದಲೇ ಆಗಿರಬೇಕು.

2. ಥರ್ಮಲ್ ಹೇಳಿಕೊಡೋದು

ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯ್ತು. ಈಗ 8 ಘಟಕ, ಒಟ್ಟು 1,720 ಮೆಗಾವ್ಯಾಟ್. ಒಂದು ಘಟಕವನ್ನು ಗ್ರಿಡ್‌ಗೆ ಸೇರಿಸೋ ಮುಂಚೆ ನಾಲ್ಕು ವಿಷಯ ಹೊಂದಬೇಕು ಅಂತ ಎಲೆಕ್ಟ್ರಿಕಲ್‌ನವರು ಓದಿರ್ತಾರೆ: ಫ್ರೀಕ್ವೆನ್ಸಿ, ವೋಲ್ಟೇಜ್, ಫೇಸ್ ಸೀಕ್ವೆನ್ಸ್, ಫೇಸ್ ಆ್ಯಂಗಲ್. ಟರ್ಬೈನ್‌ನ ನಿಮಿಷಕ್ಕೆ 3,000 ಸುತ್ತಿಗೆ ತಂದು, ಸಿಂಕ್ರೊಸ್ಕೋಪ್ ಮುಳ್ಳು ನೋಡಿ, ಆಮೇಲೆ ಬ್ರೇಕರ್ ಹಾಕ್ತಾರೆ. ಹೊಂದದೇ ಹಾಕಿದ್ರೆ ಭಾರೀ ಕರೆಂಟ್ ಹರಿದು ಶಾಫ್ಟ್‌ಗೇ ಪೆಟ್ಟು.

ಸ್ಕೇಟಿಂಗ್‌ನಲ್ಲೂ ಇದೇ ನಾಲ್ಕು ಇವೆ. ಫ್ರೀಕ್ವೆನ್ಸಿ ಅಂದ್ರೆ ಹಾಡಿನ ವೇಗ. ವೋಲ್ಟೇಜ್ ಅಂದ್ರೆ ಹಾಡಿನ ಭಾರ. ಸೀಕ್ವೆನ್ಸ್ ಅಂದ್ರೆ ಯಾವುದಾದ ಮೇಲೆ ಯಾವುದು ಅನ್ನೋ ಕ್ರಮ. ಆ್ಯಂಗಲ್ ಅಂದ್ರೆ ಹಾಡು ಏರೋ ಕ್ಷಣದಲ್ಲೇ ಸ್ಕೇಟರ್ ಕೂಡ ಏರೋದು. ಇದರಲ್ಲಿ ಗ್ರಿಡ್ ಯಾರು? ಹಾಡು ಅಂತ ಬಹಳ ಮಂದಿ ಅಂದ್ಕೋತಾರೆ. ನಮ್ಮ ಪ್ರಕಾರ ಗ್ರಿಡ್ ಅಂದ್ರೆ ಸ್ಕೇಟರ್. ಹಾಡನ್ನು ಕತ್ತರಿಸಬಹುದು, ಬದಲಾಯಿಸಬಹುದು. ಸ್ಕೇಟರ್‌ನ ಎತ್ತರ, ಕಾಲಿನ ಶಕ್ತಿ, ಸ್ವಭಾವ ಇವು ಒಂದು ಸೀಸನ್‌ನಲ್ಲಿ ಬದಲಾಗಲ್ಲ. ಬದಲಾಗದೇ ಇರೋದಕ್ಕೆ ಬದಲಾಗೋದನ್ನ ಹೊಂದಿಸಬೇಕು. ಸಿಂಕ್ರೊಸ್ಕೋಪ್ ಮುಂದೆ ನಿಂತ ಆಪರೇಟರ್ ಕೆಲಸವೇ ಕೊರಿಯೋಗ್ರಾಫರ್ ಕೆಲಸ.

3. ಫ್ರೀಕ್ವೆನ್ಸಿ: ಒಂದು ಸಣ್ಣ ಲೆಕ್ಕ

ಜಂಪ್‌ನಲ್ಲಿ ಗಾಳಿಯಲ್ಲಿರೋ ಸಮಯ ಬರೀ ಎತ್ತರದ ಮೇಲೆ ನಿಂತಿದೆ. ಎತ್ತರವನ್ನು ಮೀಟರ್‌ನಲ್ಲಿ ತಗೊಂಡು 2ರಿಂದ ಗುಣಿಸಿ, 9.8ರಿಂದ ಭಾಗಿಸಿ, ವರ್ಗಮೂಲ ತೆಗೆದು, ಮತ್ತೆ 2ರಿಂದ ಗುಣಿಸಿ. ಫಸ್ಟ್ ಇಯರ್ ಫಿಸಿಕ್ಸ್ ಸಾಕು.

50 ಸೆಂಟಿಮೀಟರ್ ಎತ್ತರಕ್ಕೆ 0.64 ಸೆಕೆಂಡು. 30 ಸೆಂಟಿಮೀಟರ್‌ಗೆ 0.49 ಸೆಕೆಂಡು. 20 ಸೆಂಟಿಮೀಟರ್‌ಗೆ 0.40 ಸೆಕೆಂಡು.

ಈಗ 60ನ್ನು ಈ ಸಮಯದಿಂದ ಭಾಗಿಸಿ. ನಿಮಿಷಕ್ಕೆ ಸುಮಾರು 94, 121, 149 ಬೀಟ್ ಬರ್ತವೆ. ಅಂದ್ರೆ 50 ಸೆಂಟಿಮೀಟರ್ ಹಾರೋ ಸ್ಕೇಟರ್ 94 ಬೀಟ್‌ನ ಹಾಡಿನಲ್ಲಿ ಒಂದು ಬೀಟ್‌ಗೆ ಹಾರಿ ಮುಂದಿನ ಬೀಟ್‌ಗೆ ಸರಿಯಾಗಿ ಇಳೀಬಹುದು. 20 ಸೆಂಟಿಮೀಟರ್ ಹಾರೋ ಸಣ್ಣ ಹುಡುಗಿಗೆ 149 ಬೇಕು, ಇಲ್ಲಾಂದ್ರೆ ಅದರ ಅರ್ಧ, ಸುಮಾರು 74. ಅಲ್ಲಿ ಅರ್ಧ ಬೀಟ್‌ಗೆ ಇಳೀತಾಳೆ. ಅಂದ್ರೆ ಕಡಿಮೆ ಹಾರೋರಿಗೆ ಫಾಸ್ಟ್ ಹಾಡೇ ಬೇಕು ಅಂತೇನಿಲ್ಲ, ನಿಧಾನದ ಹಾಡೂ ಒಪ್ಪುತ್ತೆ. ಅದೇ ಹುಡುಗಿಗೆ 128 ಬೀಟ್‌ನ ಟ್ರೆಂಡಿಂಗ್ ಹಾಡು ಕೊಟ್ಟರೆ ಪ್ರತಿ ಜಂಪ್‌ನಲ್ಲೂ ಬೀಟ್‌ಗಿಂತ ಸ್ವಲ್ಪ ಮೊದಲೇ ಇಳೀತಾಳೆ. ಒಂದು ಸಲ ಆದ್ರೆ ಗೊತ್ತಾಗಲ್ಲ, ಆರೇಳು ಸಲ ಆದ್ರೆ ಏನೋ ಕೂಡ್ತಿಲ್ಲ ಅನ್ನಿಸುತ್ತೆ.

ಎಲ್ಲಾ ಜಂಪ್ ಬೀಟ್ ಮೇಲೇ ಬೀಳಬೇಕು ಅಂತ ನಿಯಮ ಇಲ್ಲ. ಆದ್ರೆ ಹಾಡು ಹುಡುಕೋಕೆ ಇದು ಮೊದಲ ಜರಡಿ.

4. ವೋಲ್ಟೇಜ್: ಹಾಡಿನ ಭಾರ

2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಐಸ್ ಡ್ಯಾನ್ಸ್ ಇದಕ್ಕೆ ಒಳ್ಳೆ ಉದಾಹರಣೆ. ಕೆನಡಾದ ಟೆಸ್ಸಾ ವರ್ಚ್ಯೂ ಮತ್ತು ಸ್ಕಾಟ್ ಮೊಯಿರ್, ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಎರಡೂ ಜೋಡಿ ಮಿಶಿಗನ್‌ನ ಒಂದೇ ಕಡೆ, ಮರೀನಾ ಝುಯೇವಾ ಮತ್ತು ಇಗೊರ್ ಶ್ಪಿಲ್‌ಬ್ಯಾಂಡ್ ಎಂಬ ಒಂದೇ ಕೋಚ್ ಜೋಡಿ ಹತ್ತಿರ ಕಲೀತಿದ್ರು. ಹಾಡು ಮಾತ್ರ ಒಂದೇ ಥರ ಇರಲಿಲ್ಲ. ಮೃದುವಾಗಿ, ಉದ್ದ ಉದ್ದ ಗೆರೆ ಎಳೆದ ಹಾಗೆ ಸ್ಕೇಟ್ ಮಾಡೋ ವರ್ಚ್ಯೂ-ಮೊಯಿರ್‌ಗೆ ಮಾಲರ್‌ನ ಐದನೇ ಸಿಂಫನಿ. ವೇಗ, ರಭಸ ಇದ್ದ ಡೇವಿಸ್-ವೈಟ್‌ಗೆ 'ದಿ ಫ್ಯಾಂಟಮ್ ಆಫ್ ದಿ ಆಪೆರಾ'. ಒಬ್ಬರಿಗೆ ಚಿನ್ನ, ಇನ್ನೊಬ್ಬರಿಗೆ ಬೆಳ್ಳಿ. ಅದಲು ಬದಲು ಮಾಡಿ ಊಹಿಸಿ ನೋಡಿ, ಎರಡೂ ಕೆಡ್ತವೆ.

ಭಾರ ಹೆಚ್ಚಿಸಬೇಕಾದ ಸಂದರ್ಭವೂ ಇರುತ್ತೆ. ಅಮೆರಿಕದ ಮಿಶೆಲ್ ಕ್ವಾನ್ 1995ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ್ರು. ಜಂಪ್ ಬರ್ತಿತ್ತು, ಆದ್ರೆ ಕಾರ್ಯಕ್ರಮ ಇನ್ನೂ ಮಕ್ಕಳದ್ದರ ಹಾಗೆ ಇತ್ತು. ಮುಂದಿನ ವರ್ಷ ಕೊರಿಯೋಗ್ರಾಫರ್ ಲೋರಿ ನಿಕೋಲ್ 'ಸಲೋಮೆ' ಎಂಬ ಗಂಭೀರ ಪಾತ್ರ ಕಟ್ಟಿಕೊಟ್ರು. 15ನೇ ವಯಸ್ಸಿಗೆ ಕ್ವಾನ್ ವಿಶ್ವ ಚಾಂಪಿಯನ್. ಆ ಹುಡುಗಿ ಯಾವ ಕಡೆ ಬೆಳೀತಿದ್ದಾಳೆ ಅಂತ ನಿಕೋಲ್‌ಗೆ ಕಂಡಿತ್ತು. ಒಳ್ಳೆ ಕೊರಿಯೋಗ್ರಾಫರ್ ಬೇಕಾಗೋದು ಇಲ್ಲೇ.

5. ಕ್ರಮ ಮತ್ತು ಕ್ಷಣ

1984ರ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಬ್ರಿಟನ್‌ನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್ ರಾವೆಲ್‌ನ 'ಬೊಲೆರೊ' ಆರಿಸಿದ್ರು. ಮೂಲ ಕೃತಿ ಕಾಲು ಗಂಟೆ ಇದೆ. ಒಂದೇ ತಾಳ, ನಿಧಾನಕ್ಕೆ ಏರ್ತಾ ಹೋಗಿ ಕೊನೆಗೆ ಸ್ಫೋಟ. ಕತ್ತರಿಸಿ ಕತ್ತರಿಸಿ 4 ನಿಮಿಷ 28 ಸೆಕೆಂಡಿಗೆ ತಂದ್ರು, ಅದಕ್ಕಿಂತ ಕಡಿಮೆ ಮಾಡಿದ್ರೆ ಆ ಏರಿಕೆಯೇ ಸಾಯುತ್ತೆ. ಮಿತಿ ಇದ್ದದ್ದು 4 ನಿಮಿಷ 10 ಸೆಕೆಂಡು. ಗಡಿಯಾರ ಶುರುವಾಗೋದು ಬ್ಲೇಡ್ ಐಸ್ ಮೇಲೆ ಜಾರೋಕೆ ಶುರುವಾದ ಮೇಲೆ ಅಂತ ನಿಯಮ ಓದಿಕೊಂಡ್ರು. ಮೊದಲ 18 ಸೆಕೆಂಡು ಮಂಡಿಯೂರಿ ಕೂತು ಮೇಲ್ಭಾಗದ ಚಲನೆ ಮಾತ್ರ ಮಾಡಿದ್ರು. ಆ ಮಂಡಿಯೂರಿದ ಆರಂಭವನ್ನೇ ಜನ ಇವತ್ತಿಗೂ ನೆನಪಿಟ್ಟುಕೊಂಡಿದ್ದಾರೆ. ಒಟ್ಟು 12 ಪರಿಪೂರ್ಣ 6.0 ಬಂದವು, ಕಲಾತ್ಮಕ ವಿಭಾಗದಲ್ಲಿ ಒಂಬತ್ತಕ್ಕೆ ಒಂಬತ್ತೂ. ಮಿತಿಯನ್ನೇ ವಿನ್ಯಾಸ ಮಾಡಿಕೊಳ್ಳೋದು ಅಂದ್ರೆ ಇದು.

6. ಬೇರೆಯವರ ಹಾಡು ತಗೊಂಡಾಗ

2009-10ರ ಸೀಸನ್‌ನಲ್ಲಿ ಐಸ್ ಡ್ಯಾನ್ಸ್‌ನ ಒಂದು ಸುತ್ತಿಗೆ ಜಾನಪದ ನೃತ್ಯ ಅಂತ ವಿಷಯ ಕೊಟ್ಟಿದ್ರು. ಡೇವಿಸ್-ವೈಟ್ ಭಾರತವನ್ನು ಆರಿಸಿದ್ರು. ಹಾಡುಗಳು 'ಕಜರಾ ರೇ', ಜೊತೆಗೆ 'ದೇವದಾಸ್' ಸಿನಿಮಾದವು. ಸಿನಿಮಾ ಹಾಡು ಜಾನಪದನಾ ಅಂತ ನಾವೂ ತಕರಾರು ತೆಗೀಬಹುದು. ಆದ್ರೆ ಅವರು ಮಿಶಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಭಾರತೀಯ ನೃತ್ಯ ಕಲಿಸ್ತಿದ್ದ ಅನುಜಾ ರಾಜೇಂದ್ರ ಅವರ ಹತ್ತಿರ ಹೋಗಿ ಕೈ, ಕಣ್ಣು, ಕತ್ತಿನ ಚಲನೆ ಕಲಿತ್ರು. ಅವರ ವೇಗದ ಕಾಲಿಗೆ ಆ ಹಾಡುಗಳ ತಾಳ ಮೊದಲೇ ಹೊಂದ್ತಿತ್ತು. ಮೇಲಿನ ಅರ್ಧ ದೇಹವನ್ನು ಗುರು ತಿದ್ದಿದ್ರು. ಭಾರತೀಯರೇ ಅದನ್ನ ಖುಷಿಯಿಂದ ಹಂಚಿಕೊಂಡ್ರು.

ಅದೇ ಸುತ್ತಿನಲ್ಲಿ ರಷ್ಯಾದ ಒಕ್ಸಾನಾ ಡೊಮ್ನಿನಾ ಮತ್ತು ಮ್ಯಾಕ್ಸಿಮ್ ಶಬಾಲಿನ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ನೃತ್ಯ ಅಂತ ಒಂದನ್ನು ಮಾಡಿದ್ರು. ಆ ಸಮುದಾಯದ ಮುಖಂಡರು ಇದು ನಮ್ಮದಲ್ಲ, ಅಪಹಾಸ್ಯದಂತಿದೆ ಅಂತ ಆಕ್ಷೇಪಿಸಿದ್ರು. ಒಲಿಂಪಿಕ್ಸ್ ಹೊತ್ತಿಗೆ ವೇಷವನ್ನು ತಗ್ಗಿಸಬೇಕಾಯ್ತು. ಹಿಂದಿನ ವರ್ಷದ ವಿಶ್ವ ಚಾಂಪಿಯನ್ ಜೋಡಿ ಕಂಚಿಗೆ ನಿಂತಿತು. ಕಂಚಿಗೆ ಇದೊಂದೇ ಕಾರಣ ಅನ್ನೋದು ಸರಿಯಲ್ಲ. ಆದ್ರೆ ಹಾಡಿನ ಒಡೆಯರು ಯಾರೋ ಅವರ ಹತ್ತಿರ ಕೂತು ಕಲಿಯೋದೂ ಹೊಂದಾಣಿಕೆಯ ಒಂದು ಭಾಗ ಅನ್ನೋದು ಇಲ್ಲಿ ಚೆನ್ನಾಗಿ ಕಾಣುತ್ತೆ.

7. ಹೊಸದೇ ಬೇಕಂತಿಲ್ಲ

ಜಪಾನ್‌ನ ಯುಝುರು ಹಾನ್ಯು 2015-16ರಲ್ಲಿ ಶೇ-ಲಿನ್ ಬೋರ್ನ್ ಸಂಯೋಜಿಸಿದ 'ಸೈಮೇ'ಯನ್ನು ಫ್ರೀ ಸ್ಕೇಟ್‌ಗೆ ಇಟ್ಕೊಂಡು ಬಾರ್ಸಿಲೋನಾದಲ್ಲಿ ಒಟ್ಟು 330.43 ಅಂಕ ಪಡೆದ್ರು. 'ಓನ್‌ಮ್ಯೋಜಿ' ಎಂಬ ಜಪಾನಿ ಸಿನಿಮಾದ ಸಂಗೀತ ಅದು. ಅದನ್ನೇ ಮತ್ತೆ ತಂದು 2018ರ ಒಲಿಂಪಿಕ್ಸ್ ಗೆದ್ರು. ಅಮೆರಿಕದ ನೇಥನ್ ಚೆನ್ 2021-22ರ ಸೀಸನ್‌ನ ಮಧ್ಯದಲ್ಲಿ ಹೊಸ ಕಾರ್ಯಕ್ರಮಗಳನ್ನು ಬಿಟ್ಟು ಹಳೆಯ 'ಲಾ ಬೊಹೆಮ್', 'ರಾಕೆಟ್‌ಮ್ಯಾನ್'ಗೆ ವಾಪಸ್ ಹೋಗಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ರು. ಒಪ್ಪಿದ್ದು ಹಳೆಯದಾದ್ರೂ ಒಪ್ಪಿದ್ದೇ.

8. ನಮ್ಮ ಕಡೆಗೆ ಬಂದ್ರೆ

ಐಸ್ ಇಲ್ಲದ ನಮ್ಮ ಕಡೆ ಚಕ್ರದ ಸ್ಕೇಟ್ ಇದೆ. ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್‌ನಲ್ಲೂ ಜಂಪ್, ಸ್ಪಿನ್, ಹಾಡು, ಕೊರಿಯೋಗ್ರಫಿ ಎಲ್ಲಾ ಇರುತ್ತೆ. ನಮ್ಮ ಪಕ್ಕದ ಹೈದರಾಬಾದ್‌ನ ಅನೂಪ್ ಕುಮಾರ್ ಯಾಮಾ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸಿಂಗಲ್ಸ್‌ನಲ್ಲಿ ಕಂಚು, ಅವನಿ ಪಂಚಾಲ್ ಜೊತೆ ಜೋಡಿ ವಿಭಾಗದಲ್ಲಿ ಕಂಚು ಗೆದ್ರು. 2015ರಲ್ಲಿ ಅರ್ಜುನ ಪ್ರಶಸ್ತಿ ಬಂತು. ನಮ್ಮಿಂದ ನಾಲ್ಕೈದು ತಾಸಿನ ದಾರಿ.

ಇನ್ನು ಐಸ್ ಮೇಲೆ, 2014-15ರಿಂದ ಸಿಂಗಲ್ಸ್ ಮತ್ತು ಪೇರ್ಸ್‌ನಲ್ಲೂ ಸಾಹಿತ್ಯ ಇರೋ ಹಾಡಿಗೆ ಅನುಮತಿ ಇದೆ. ಅಂದ್ರೆ ಕನ್ನಡ ಹಾಡಿಗೆ ನಿಯಮದ ಅಡ್ಡಿ ಇಲ್ಲ. ನಮ್ಮ ತತ್ವಪದ, ಹಲಗಿ, ಡೊಳ್ಳು ಇವೆಲ್ಲಾ ಆರಿಸೋರಿಗಾಗಿ ಕಾಯ್ತಿವೆ. ಅಭಿಮಾನಕ್ಕೆ ಆರಿಸೋದು ಬೇಡ, ಹೊಂದಿದ್ರೆ ಆರಿಸೋಣ.

ಅಭ್ಯಾಸ

ಕಾಲೇಜ್ ಫೆಸ್ಟ್‌ಗೆ ಡ್ಯಾನ್ಸ್ ಮಾಡೋರೂ ಇದನ್ನ ಮಾಡಿ ನೋಡಬಹುದು.

1. ಗೆಳೆಯರೊಬ್ಬರ ಜಂಪ್‌ನ ವಿಡಿಯೋ ತೆಗೆದು ಎತ್ತರ ಅಳೆಯಿರಿ. ಗಾಳಿಯಲ್ಲಿರೋ ಸಮಯ, ಅದಕ್ಕೆ ಹೊಂದೋ ಬೀಟ್ ಲೆಕ್ಕ ಹಾಕಿ.

2. ಆ ವೇಗದ ಮೂರು ಕನ್ನಡ ಹಾಡು ಹುಡುಕಿ. ಮೂರರಲ್ಲಿ ಯಾವುದರ ಭಾರ ಆ ವ್ಯಕ್ತಿಗೆ ಒಪ್ಪುತ್ತೆ, ಯಾಕೆ ಅಂತ ಎರಡು ಸಾಲು ಬರೀರಿ. "ಚೆನ್ನಾಗಿದೆ" ಅನ್ನೋದು ಕಾರಣ ಅಲ್ಲ.

3. ಹಾಡನ್ನು 2 ನಿಮಿಷ 40 ಸೆಕೆಂಡಿಗೆ ಕತ್ತರಿಸಿ. ಉಸಿರಿಗೆ ಜಾಗ ಎಲ್ಲಿ, ಏರೋ ಕ್ಷಣ ಎಲ್ಲಿ ಅಂತ ಗುರುತು ಹಾಕಿ.

4. ಆ ಹಾಡು ಯಾವ ಊರು, ಯಾವ ಮಂದಿಯದ್ದು? ಹೆಜ್ಜೆ ಕಲಿಯೋಕೆ ಯಾರನ್ನ ಕೇಳಬೇಕು?

ಉತ್ತರಗಳನ್ನು ಬಳಗಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ನಾಲ್ಕನೇ ಪ್ರಶ್ನೆಗೆ ಮಾತ್ರ ಗೂಗಲ್ ಮಾಡಬೇಡಿ, ಮನೆಯಲ್ಲಿ ಹಿರಿಯರನ್ನ ಕೇಳ್ರಿ.